ಮೊದಲು ನೋಡು

ಇನ್ನೂರು ಪುಟದ ಲಾಂಗ್ ನೋಟ್‌ಬುಕ್. ಒಂಬತ್ತನೇ ತರಗತಿಯ ಹುಡುಗಿಯ ದುಂಡು ಕೈಬರಹದಲ್ಲಿ ನಾಲ್ಕೈದು ಸಾಲು. ಬೆಳಿಗ್ಗೆ ಕಸದ ಆಟೊ ಬಂದಿದ್ದು, ಅದರ ಜೊತೆ ಬಂದ ಅಕ್ಕ ಹಸಿಕಸ, ಒಣಕಸ ಬೆರೆತಿದ್ದ ಬಕೆಟ್ಟಿಗೆ ಬರಿಗೈ ಹಾಕಿದ್ದು, ಕಾಗದದಲ್ಲಿ ಸುತ್ತದೆ ಎಸೆದ ಸ್ಯಾನಿಟರಿ ಪ್ಯಾಡ್ ಅವಳ ಕೈಗೆ ಸಿಕ್ಕಿದ್ದು, ಆ ಬಕೆಟ್ಟು ತಮ್ಮ ಮನೆಯದೇ ಆಗಿದ್ದು. ಕೊನೆಯ ಸಾಲನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದಾಳೆ.

ಅನ್ನಪೂರ್ಣೇಶ್ವರಿ ನಗರದ ಒಂದು ಮನೆಯ ಹಾಲ್‌ನಲ್ಲಿ, ಭಾನುವಾರದ ಪೂಜೆ ಮುಗಿಸಿ ಬಂದ ಏಳೆಂಟು ಮಕ್ಕಳ ನಡುವೆ ಕೂತು ನಾನು ಈ ಪುಟ ನೋಡಿದೆ. ಪೂಜೆ ಎಂದರೆ ಇಲ್ಲಿ ಚರ್ಚಿನ ಬಲಿಪೂಜೆ. ಬೆಂಗಳೂರಿನ ಕನ್ನಡ ಕಥೋಲಿಕರ ಮನೆಮಾತಿನಲ್ಲಿ ಅದು ಬರೀ ಪೂಜೆ. ಮಕ್ಕಳು ಎಂಟನೇ ತರಗತಿಯಿಂದ ಪಿಯುಸಿವರೆಗಿನವರು. ಕೆಲವರ ಮನೆಯಲ್ಲಿ ಕನ್ನಡ, ಕೆಲವರಲ್ಲಿ ತಮಿಳು, ಒಬ್ಬನದು ಕೊಂಕಣಿ. ಕೂಟ ನಡೆಸಿದ್ದು ಹತ್ತನೇ ತರಗತಿಯ ಹುಡುಗ. ದೊಡ್ಡವರೊಬ್ಬರು ಗೋಡೆಗೊರಗಿ ಕೂತಿದ್ದರು; ಮುಕ್ಕಾಲು ಗಂಟೆಯಲ್ಲಿ ಅವರು ಮೂರು ಸಲ ಬಾಯಿ ತೆರೆದಿರಬಹುದು. ದೊಡ್ಡವರು ಸುಮ್ಮನಿರುವುದೂ ಇಲ್ಲಿ ಒಂದು ಕಟ್ಟಳೆ.

ಇದು ವೈಸಿಎಸ್ ಪದ್ಧತಿಯ ಕೂಟ. ಪೂರ್ತಿ ಹೆಸರು ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್. ಇದರ ಅಂತರರಾಷ್ಟ್ರೀಯ ಸಂಘಟನೆ ರೂಪುಗೊಂಡದ್ದು 1946ರಲ್ಲಿ. ನಮ್ಮ ದೇಶದಲ್ಲಿ ಇದಕ್ಕೆ ಜೋಡಿ ಹೆಸರೊಂದಿದೆ, ಯಂಗ್ ಸ್ಟೂಡೆಂಟ್ಸ್ ಮೂವ್‌ಮೆಂಟ್. ಬೇರೆ ಧರ್ಮದ ಮಕ್ಕಳೂ ಸಂಕೋಚವಿಲ್ಲದೆ ಜೊತೆಗೂಡಲಿ ಎಂದು ಇಟ್ಟ ಹೆಸರು ಅದು. ಕೆಲಸದ ಕ್ರಮಕ್ಕೆ ಮೂರೇ ಮೆಟ್ಟಿಲು. ಮಕ್ಕಳು ಅದನ್ನು ಸೀ, ಜಡ್ಜ್, ಆ್ಯಕ್ಟ್ ಎಂದೇ ಹೇಳುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ನೋಡು, ತೂಗು, ಮಾಡು.

ಈ ಮೂರು ಮಾತಿನ ಹಿಂದೆ ಒಬ್ಬ ಹುಡುಗನ ಸಂಕಟವಿದೆ. ಜೋಸೆಫ್ ಕಾರ್ಡೈನ್ 1882ರಲ್ಲಿ ಬೆಲ್ಜಿಯಂನ ದುಡಿಯುವ ಮನೆತನದಲ್ಲಿ ಹುಟ್ಟಿದವರು. ಗುರುವಾಗಲು ಸೆಮಿನರಿ ಸೇರಿದರು. ರಜೆಗೆ ಊರಿಗೆ ಬಂದಾಗ, ಜೊತೆಯಲ್ಲಿ ಓದಿದ ಗೆಳೆಯರೆಲ್ಲ ಕಾರ್ಖಾನೆ ಸೇರಿದ್ದರು. ಅವರು ಇವರನ್ನು ಕಂಡು ದೂರ ಸರಿದರು. ಚರ್ಚು ದೊಡ್ಡವರ ಕಡೆ, ನೀನೂ ಈಗ ಆ ಕಡೆಯವನು ಎಂಬ ಭಾವ ಅವರ ಕಣ್ಣಲ್ಲಿತ್ತು. ದುಡಿದು ಸವೆದ ತಂದೆ 1903ರಲ್ಲಿ ತೀರಿಕೊಂಡಾಗ, ದುಡಿಯುವ ಯುವಜನರಿಗಾಗಿಯೇ ಬದುಕುತ್ತೇನೆಂದು ಕಾರ್ಡೈನ್ ಪಣ ತೊಟ್ಟರು. 1925ರ ಹೊತ್ತಿಗೆ ಬ್ರಸೆಲ್ಸ್‌ನಲ್ಲಿ ಯುವ ಕಾರ್ಮಿಕರ ಸಂಘಟನೆ ನೆಲೆಗೊಂಡಿತು. ಅಲ್ಲಿ ಹುಡುಗ ಹುಡುಗಿಯರು ತಮ್ಮ ಕೂಲಿ, ಕೆಲಸದ ಗಂಟೆ, ಮೇಸ್ತ್ರಿಯ ಬೈಗುಳ ಎಲ್ಲವನ್ನೂ ತಾವೇ ಗಮನಿಸಿ ಬರೆದು ತರಬೇಕಿತ್ತು. ಅದನ್ನು ಶುಭಸಂದೇಶದ ಮುಂದಿಟ್ಟು ತೂಗಬೇಕು, ಮುಂದಿನ ವಾರದೊಳಗೆ ಏನಾದರೊಂದು ಮಾಡಿ ಬರಬೇಕು. ಆ ಕ್ರಮವೇ ಆಮೇಲೆ ವಿದ್ಯಾರ್ಥಿಗಳಿಗೂ ಬಂತು. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ‘ಮಾತೆರ್ ಎತ್ ಮಜಿಸ್ತ್ರಾ’ ವಿಶ್ವಪತ್ರದಲ್ಲಿ ಈ ಮೂರು ಮೆಟ್ಟಿಲನ್ನು ಇಡೀ ಧರ್ಮಸಭೆಗೇ ಶಿಫಾರಸು ಮಾಡಿದರು. 1965ರಲ್ಲಿ ಕಾರ್ಡೈನ್ ಅವರಿಗೆ ಕಾರ್ಡಿನಲ್ ಪದವಿ ಸಿಕ್ಕಿತು. ಎರಡು ವರ್ಷದ ನಂತರ ಅವರು ಕಣ್ಣು ಮುಚ್ಚಿದರು.

ಮೂರರಲ್ಲಿ ಕಷ್ಟದ್ದು ಮೊದಲನೆಯದು ಎಂದು ನನಗೆ ಗಟ್ಟಿಯಾಗಿ ಅನಿಸಿದೆ. ಹದಿನಾಲ್ಕರ ಮಕ್ಕಳಿಗೆ ಏನಾದರೂ ಮಾಡಬೇಕೆಂಬ ತುಡಿತ ತಾನಾಗಿ ಇರುತ್ತದೆ. ಬೆನ್ನು ತಟ್ಟಿದರೆ ಓಡುತ್ತಾರೆ. ನಾವು ದೊಡ್ಡವರು ಅದನ್ನು ತಪಸ್ಸುಕಾಲದ ಒಂದು ಭಾನುವಾರಕ್ಕೆ, ಬೆಡ್‌ಶೀಟ್ ಹಂಚಿ ಫೋಟೊ ತೆಗೆಸಿಕೊಳ್ಳುವುದಕ್ಕೆ ಮುಗಿಸಿಬಿಡುತ್ತೇವೆ. ಹಂಚಿದವರಿಗೆ ಪಡೆದವರ ಮುಖ ನೆನಪಿರುವುದಿಲ್ಲ. ಆ ಹುಡುಗಿಗೆ ಕಸದ ಅಕ್ಕನ ಕೈ ನೆನಪಿದೆ.

ಎರಡನೇ ಮೆಟ್ಟಿಲಿಗೆ ಅಂದು ಅವರು ಲೂಕನ ಶುಭಸಂದೇಶದ ದಯಾಳು ಸಮಾರಿತನ ಕಥೆ ತೆಗೆದರು. ದಾರಿಯಲ್ಲಿ ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡು ಆಚೆ ಬದಿಗೆ ಸರಿದು ಹೋಗುವ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅಂದು ಚರ್ಚೆ ಬೇರೆ ಕಡೆ ತಿರುಗಿತು. ಗಾಯ ಮಾಡಿದವರೇ ನಾವಾಗಿದ್ದರೆ ಏನು ಮಾಡುವುದು ಎಂದು ಒಬ್ಬ ಕೇಳಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗೋಡೆಗೊರಗಿದ್ದವರೂ ಸುಮ್ಮನಿದ್ದರು, ಅದಕ್ಕೆ ನಾನು ಅವರಿಗೆ ಋಣಿ.

ಮೂರನೆಯದು ಚಿಕ್ಕದು. ಹಳೆ ದಿನಪತ್ರಿಕೆ ಕತ್ತರಿಸಿ ಪೊಟ್ಟಣ ಮಾಡಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ತಮ್ಮ ತಮ್ಮ ಮನೆಯ ಬಚ್ಚಲಲ್ಲಿ ಇಡುವುದು. ಬೆಂಗಳೂರಿನಲ್ಲಿ ಇದು ಹೊಸ ವಿಚಾರವಲ್ಲ. ಎರಡು ಡಬ್ಬ, ಒಂದು ಚೀಲ ಎಂಬ ವಿಂಗಡಣೆಯ ಕ್ರಮಕ್ಕೆ 2015ರಲ್ಲೇ ಹೈಕೋರ್ಟಿನ ಆದೇಶವಿದೆ. ಅದೇ ವರ್ಷ ಪೋಪ್ ಫ್ರಾನ್ಸಿಸ್ ಭೂಮಿಯ ಕೂಗು, ಬಡವರ ಕೂಗು ಎರಡೂ ಒಂದೇ ಎನ್ನುವ ‘ಲೌದಾತೊ ಸೀ’ ವಿಶ್ವಪತ್ರ ಹೊರಡಿಸಿದರು. ಆದೇಶವೂ ಇತ್ತು, ವಿಶ್ವಪತ್ರವೂ ಇತ್ತು. ಮನೆಯೊಳಗೆ ಮಾತು ತೆಗೆಯುವವರು ಬೇಕಿತ್ತು. ಪ್ಯಾಡಿನ ಮಾತನ್ನು ಅಪ್ಪನ ಮುಂದೆ, ಅಣ್ಣನ ಮುಂದೆ ಎತ್ತುವುದು ಒಂಬತ್ತನೇ ತರಗತಿಯ ಹುಡುಗಿಗೆ ಸುಲಭದ್ದಲ್ಲ. ಅವಳು ಎತ್ತಿದಳು. ಅಮ್ಮ ಮೊದಲು ಗದರಿ, ಎರಡು ದಿನದ ನಂತರ ತಾವೇ ಪಕ್ಕದ ಮನೆಯವರಿಗೂ ಹೇಳಿದರಂತೆ. ವಿಶ್ವಾಸಕ್ಕೆ ಕ್ರಿಯೆ ಸೇರದಿದ್ದರೆ ಅದು ಸತ್ತದ್ದು ಎಂದು ಯಾಕೋಬನ ಪತ್ರ ಹೇಳುವುದನ್ನು ಧರ್ಮೋಪದೇಶ ತರಗತಿಯಲ್ಲಿ ಎಷ್ಟೋ ಸಲ ಕೇಳಿದ್ದೆ. ಬಚ್ಚಲಲ್ಲಿಟ್ಟ ಕಾಗದದ ಪೊಟ್ಟಣದಲ್ಲಿ ಅದನ್ನು ಕಂಡದ್ದು ಅದೇ ಮೊದಲು.

ನೊಂದವರನ್ನು ಕಾಣಲು ಈ ಮಕ್ಕಳಿಗೆ ದೂರ ಹೋಗುವ ಅಗತ್ಯವೂ ಇಲ್ಲ. ಹೊರವರ್ತುಲ ರಸ್ತೆಯಲ್ಲಿ ಮಾಗಡಿ ರಸ್ತೆಯ ಕಡೆ ಹೋದರೆ ಸುಮನಹಳ್ಳಿ. ಬಹಳ ಜನಕ್ಕೆ ಅದು ಬಸ್ ಸ್ಟಾಪಿನ ಹೆಸರು, ಫ್ಲೈಓವರಿನ ಹೆಸರು. ಆ ಹೆಸರಿನ ಸಂಸ್ಥೆ 1970ರ ದಶಕದ ಕೊನೆಯಿಂದ ಕುಷ್ಠರೋಗದಿಂದ ನೊಂದವರಿಗೆ ಚಿಕಿತ್ಸೆ, ಸೂರು, ಕೈಕೆಲಸ ಕೊಡುತ್ತ ಬಂದಿದೆ. ಬೆಂಗಳೂರು ಮಹಾಧರ್ಮಕ್ಷೇತ್ರ ಹುಟ್ಟುಹಾಕಿದ್ದನ್ನು ಕ್ಲರೀಷಿಯನ್ ಗುರುಗಳು ಮುನ್ನಡೆಸಿದರು. ಅಲ್ಲಿನ ಚರ್ಮದ ಕೆಲಸ, ಹೊಲಿಗೆ ಕೆಲಸ ಕಲಿತು ತಮ್ಮ ಕಾಲ ಮೇಲೆ ನಿಂತವರಿದ್ದಾರೆ. ಕುಷ್ಠ ಬಹುಔಷಧ ಚಿಕಿತ್ಸೆಯಿಂದ ಪೂರ್ತಿ ಗುಣವಾಗುತ್ತದೆ, ಚಿಕಿತ್ಸೆ ಪಡೆದವರಿಂದ ಹರಡುವುದಿಲ್ಲ. ಹಾಗಿದ್ದೂ ಕೈಬೆರಳು ಮೊಂಡಾದ ಅಜ್ಜನ ಪಕ್ಕ ಕೂರಲು ನಮ್ಮ ಮೈ ಹಿಂಜರಿಯುತ್ತದೆ. ಅಂಥ ಕಡೆಗೆ ಮಕ್ಕಳನ್ನು ಕರೆದೊಯ್ಯುವ ಪೋಷಕರಿಗೆ ನನ್ನದೊಂದು ಕೋರಿಕೆ: ಬಿಸ್ಕತ್ತಿನ ಪೊಟ್ಟಣ ಮನೆಯಲ್ಲೇ ಬಿಟ್ಟು, ಬರೀ ಕೈಯಲ್ಲಿ ಹೋಗಿ. ಒಂದು ಗಂಟೆ ಕೂತು ಅವರ ಊರು, ಅವರ ಕಸುಬು ಕೇಳಿಸಿಕೊಂಡು ಬನ್ನಿ. ಮೊಬೈಲ್ ಜೇಬಿನಲ್ಲಿರಲಿ.

ಹದಿಹರೆಯಕ್ಕೆ ಎಟುಕದ ಆದರ್ಶ ಇದು ಎನ್ನುವವರಿಗೆ ಚರಿತ್ರೆಯಲ್ಲಿ ಉತ್ತರವಿದೆ. ಪ್ಯಾರಿಸ್ಸಿನಲ್ಲಿ 1833ರಲ್ಲಿ, ಬಡವರಿಗಾಗಿ ನೀವೇನು ಮಾಡುತ್ತಿದ್ದೀರಿ ಎಂದು ಕೆಣಕಿದವರಿಗೆ ಉತ್ತರವಾಗಿ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯನ್ನು ಕಟ್ಟಿದ ಫ್ರೆಡರಿಕ್ ಒಝಾನಂಗೆ ಆಗ ಇಪ್ಪತ್ತು ವರ್ಷ. ಇಟಲಿಯ ತುರಿನ್ ನಗರದ ಪಿಯೆರ್ ಜಾರ್ಜಿಯೊ ಫ್ರಸ್ಸಾತಿ ಅದೇ ಸಭೆ ಸೇರಿದ್ದು 1918ರಲ್ಲಿ, ಹದಿನೇಳರ ಹರೆಯದಲ್ಲಿ. ತಂದೆ ‘ಲಾ ಸ್ಟಾಂಪಾ’ ಪತ್ರಿಕೆಯ ಒಡೆಯರು. ಮಗ ಬಡವರ ಮನೆಗಳಿಗೆ ಎಡತಾಕುತ್ತಿದ್ದದ್ದರ ಆಳ ಮನೆಯವರಿಗೇ ಗೊತ್ತಿರಲಿಲ್ಲ. 1925ರಲ್ಲಿ ಪೋಲಿಯೊ ಹೊಡೆತಕ್ಕೆ ಮಲಗಿದಾಗಲೂ, ಒಬ್ಬ ಬಡ ರೋಗಿಗೆ ಇಂಜೆಕ್ಷನ್ ತಲುಪಿಸಬೇಕೆಂದು ಮರಗಟ್ಟುತ್ತಿದ್ದ ಕೈಯಿಂದ ಚೀಟಿ ಗೀಚಿದ. ಇಪ್ಪತ್ತನಾಲ್ಕಕ್ಕೇ ತೀರಿಕೊಂಡ. ಶವಯಾತ್ರೆಗೆ ಬೀದಿ ತುಂಬ ಸೇರಿದ ಬಡಜನರನ್ನು ನೋಡಿ ಮನೆಯವರು ದಂಗಾದರು. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೊ ಆತನನ್ನೂ, ಹದಿನೈದಕ್ಕೇ ತೀರಿಹೋದ ಕಾರ್ಲೊ ಅಕುಟಿಸ್‌ನನ್ನೂ ಸಂತರೆಂದು ಸಾರಿದರು. ನಮ್ಮ ಮಕ್ಕಳಿಗೆ ಕಂಪ್ಯೂಟರ್ ಬಲ್ಲ ಕಾರ್ಲೊ ಹೆಚ್ಚು ಪರಿಚಿತ. ಫ್ರಸ್ಸಾತಿಯನ್ನೂ ಪರಿಚಯಿಸಬೇಕೆಂದು ನನ್ನ ಆಸೆ.

ಕೂಟಕ್ಕೆ ದೊಡ್ಡ ಅಡ್ಡಿ ಪರೀಕ್ಷೆ. ದೃಢೀಕರಣ ಸಂಸ್ಕಾರ ಮುಗಿಯುತ್ತಿದ್ದಂತೆ ಟ್ಯೂಷನ್ ಭಾನುವಾರವನ್ನೂ ನುಂಗುತ್ತದೆ. ಎಸ್ಸೆಸ್ಸೆಲ್ಸಿ ಮುಗೀಲಿ, ಪಿಯುಸಿ ಮುಗೀಲಿ ಎಂದು ಮನೆಯವರು ಮುಂದೂಡುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ವಾರಕ್ಕೆ ಮುಕ್ಕಾಲು ಗಂಟೆ ಮಾತ್ರ ಕೇಳುತ್ತೇನೆ.

ಎರಡು ವಾರ ಬಿಟ್ಟು ಮತ್ತೆ ಹೋದಾಗ ನೋಟ್‌ಬುಕ್ಕಿನಲ್ಲಿ ಹೊಸ ಪುಟವಿತ್ತು. ಕಸದ ಆಟೊ ಬರುವ ಹೊತ್ತಿಗೆ ಒಬ್ಬ ಹುಡುಗ ಗೇಟಿನ ಬಳಿ ನೀರಿನ ಬಾಟಲಿ ಹಿಡಿದು ನಿಲ್ಲತೊಡಗಿದ್ದ. ಮೊದಲ ದಿನ ಅಕ್ಕ ಇಸಿದುಕೊಂಡು ಬಾಯಿ ಮುಕ್ಕಳಿಸಿದರಂತೆ, ಕುಡಿಯಲಿಲ್ಲವಂತೆ. ಯಾಕೆಂದು ನಾಲ್ಕನೇ ದಿನ ಕೇಳಿದ್ದಾನೆ. ನೀರು ಕುಡಿದರೆ ಪಾಯಿಖಾನೆಗೆ ಹೋಗಬೇಕಾಗುತ್ತದೆ, ಮಧ್ಯಾಹ್ನದವರೆಗೆ ಎಲ್ಲಿ ಹೋಗೋದು ಅಂದರಂತೆ. ಅದನ್ನು ಅವನು ‘ನೋಡು’ ಎಂಬ ತಲೆಬರಹದ ಕೆಳಗೆ ಹಾಗೇ ಬರೆದಿದ್ದ. ‘ತೂಗು’ ಎಂಬಲ್ಲಿ ಒಂದೂವರೆ ಪುಟ ತುಂಬಿತ್ತು. ‘ಮಾಡು’ ಎಂದು ಬರೆದು ಅಡಿಗೆರೆ ಎಳೆದ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದರು. ಮುಂದಿನ ಭಾನುವಾರದ ಕೂಟಕ್ಕೆ ಎಲ್ಲರ ಅಪ್ಪ ಅಮ್ಮಂದಿರನ್ನೂ ಕರೆಯುವುದು ಎಂದು ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆ ಬರೆದಿತ್ತು.