ಗಿಟಾರಿಗೆ ಯಾವ ಆಂಪ್ಲಿಫೈಯರ್?

ಹಳೆಯ ವಾಲ್ವ್ ಆಂಪ್ಲಿಫೈಯರ್ ತನ್ನ ಒರಟು, ತುಂಬು ನಾದವನ್ನು ಕೊಡುವುದು ಸದ್ದು ಜೋರಾದಾಗಲೇ. ಪರೀಕ್ಷೆಗೆ ಓದುತ್ತಿರುವ ಪಕ್ಕದ ಮನೆಯ ಹುಡುಗ ಅದನ್ನು ಸಹಿಸಬೇಕೆ? 1996ರಲ್ಲಿ ಲೈನ್ 6 ಸಂಸ್ಥೆ ತಂದ ಆಕ್ಸಿಸ್ 212 ಬೇರೆ ದಾರಿ ತೋರಿಸಿತು. ಇಲ್ಲಿ ವಾಲ್ವಿನ ವರ್ತನೆಯನ್ನು ಚಿಪ್ಪು ಗಣಿತದಿಂದ ಅನುಕರಿಸುತ್ತದೆ. ಇದೇ ಮಾಡೆಲಿಂಗ್. ಹೀಗಾಗಿ ಸದ್ದು ತಗ್ಗಿಸಿದರೂ ಹೆಚ್ಚುಕಡಿಮೆ ಅದೇ ನಾದ.

ಕೊಳ್ಳುವ ಮುನ್ನ ಮೂರು ವಿಷಯ ನೋಡಿ. ಮನೆಯ ಅಭ್ಯಾಸಕ್ಕೆ ಹೆಡ್‌ಫೋನ್ ಸೌಲಭ್ಯವಿರಲಿ. ಧ್ವನಿಮುದ್ರಣಕ್ಕೆ ಯುಎಸ್‌ಬಿ ಇದ್ದರೆ ಮೈಕ್ ಬೇಡ. ಸಣ್ಣ ವೇದಿಕೆಯಲ್ಲಿ ಡ್ರಮ್ಮಿನ ಜೊತೆಗೆ 50 ವಾಟ್, 12 ಅಂಗುಲದ ಸ್ಪೀಕರ್ ಸಾಮಾನ್ಯವಾಗಿ ಸಾಕು. 100 ವಾಟ್ ಎಂದರೆ ಇಮ್ಮಡಿ ಸದ್ದಲ್ಲ. ಹೆಚ್ಚುವುದು 3 ಡೆಸಿಬೆಲ್ ಮಾತ್ರ! ಬಾಸ್ ಕಟಾನಾ 50 ಅನ್ನು ಅರ್ಧ ವಾಟಿಗೂ ಇಳಿಸಬಹುದು.

ಅಂಗಡಿಗೆ ನಿಮ್ಮ ಗಿಟಾರನ್ನೇ ಒಯ್ಯಿರಿ. ನೂರು ನಾದಗಳ ಪಟ್ಟಿಗಿಂತ ನೀವು ದಿನವೂ ನುಡಿಸುವ ಎರಡು ನಾದಗಳು ಮುಖ್ಯ.