ಪೊರೆಯ ಶಸ್ತ್ರಚಿಕಿತ್ಸೆ: ವಿಧಾನವೂ ಫಲವೂ

ಹಾವೇರಿ, ರಾಣೆಬೆನ್ನೂರುಗಳ ಸಂತೆಗಳಲ್ಲಿಯೂ, ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿಯ ಪೇಟೆಯಲ್ಲಿಯೂ ದಪ್ಪ ಗಾಜಿನ ಕನ್ನಡಕ ಧರಿಸಿದ ವೃದ್ಧರು ಹಿಂದೆ ವಿರಳರಾಗಿರಲಿಲ್ಲ. ಅವರಲ್ಲಿ ಹಲವರು ಕಣ್ಣಿನ ಪೊರೆ ತೆಗೆಸಿಕೊಂಡವರು. ಉತ್ತರ ಕರ್ನಾಟಕದ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ನೇತ್ರಶಿಬಿರಗಳನ್ನು ಊರೂರಿಗೆ ಒಯ್ದು, ಅಸಂಖ್ಯ ದರಿದ್ರರಿಗೆ ದೃಷ್ಟಿದಾನ ಮಾಡಿದ ಪುಣ್ಯಜೀವಿಗಳು.

ಹಳೆಯ ವಿಧಾನದಲ್ಲಿ ಕಣ್ಣಿನ ಮಸೂರವನ್ನು ಅದರ ಕೋಶಸಮೇತ ತೆಗೆಯುತ್ತಿದ್ದುದರಿಂದ ಮಸೂರದ ಕೆಲಸವನ್ನು ದಪ್ಪ ಕನ್ನಡಕವೇ ಮಾಡಬೇಕಿತ್ತು; ಕನ್ನಡಕ ಒಡೆದರೆ ರೋಗಿಯ ಲೋಕ ಮತ್ತೆ ಮಸುಕಾಗುತ್ತಿತ್ತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು ಕಣ್ಣಿನೊಳಗೇ ಕೃತಕ ಮಸೂರವನ್ನಿಟ್ಟು ಹೊಸ ಹಾದಿ ತೆರೆದರು. ಹಿಂಬದಿಯ ಕೋಶವನ್ನು ಉಳಿಸಿ ಅದರಲ್ಲಿ ಮಸೂರವನ್ನು ಕೂರಿಸುವ ಪದ್ಧತಿ ಕ್ರಮೇಣ ರೂಢಿಗೆ ಬಂದಿತು. ಆದರೆ ಸಾವಿರಾರು ಬಡವರ ಚಿಕಿತ್ಸೆಗೆ ಅದು ಸುರಕ್ಷಿತವೇ?

ಈ ಪ್ರಶ್ನೆಗೆ ಉತ್ತರ ಅರಸಿದ್ದು ಮಧುರೆಯ ಅರವಿಂದ ನೇತ್ರಚಿಕಿತ್ಸಾಲಯ. ಸುಮಾರು 3400 ರೋಗಿಗಳನ್ನು, ವೈದ್ಯರ ಇಚ್ಛೆಗೆ ಬಿಡದೆ, ಯಾದೃಚ್ಛಿಕವಾಗಿ ಹಳೆಯ ವಿಧಾನದವರು, ಹೊಸ ವಿಧಾನದವರು ಎಂಬ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು; ಏಕೆಂದರೆ ಸುಲಭ ರೋಗಿಗಳೆಲ್ಲ ಒಂದೇ ವಿಧಾನದ ಪಾಲಾದರೆ ಅದರ ಯಶಸ್ಸು ವಿಧಾನದ್ದೋ ರೋಗಿಯದೋ ತಿಳಿಯದು. ದೃಷ್ಟಿಯನ್ನು ಅಳೆದದ್ದಲ್ಲದೆ, ನಡೆದಾಟ, ದಿನಚರಿಗಳ ಸುಗಮತೆಯನ್ನೂ ರೋಗಿಗಳನ್ನೇ ಕೇಳಿ ತಿಳಿಯಲಾಯಿತು. 1998ರಲ್ಲಿ ಪ್ರಕಟವಾದ ಫಲಿತಾಂಶವು ಮಸೂರಾರೋಪಣೆಯ ಪರವಾಗಿಯೇ ನಿಂತಿತು.

ಕೈಚಳಕದ ಕೀರ್ತಿಯಲ್ಲ, ರೋಗಿಯ ಬಾಳಿಗೆ ಒದಗಿದ ಫಲವೇ ಶಸ್ತ್ರವಿಧಾನದ ನಿಜವಾದ ಪ್ರಮಾಣ. ಆ ಫಲ ತಿಳಿಯುವುದು ರೋಗಿ ಮರಳಿ ಬಂದಾಗಲೇ; ಆದುದರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ವೈದ್ಯರು ಹೇಳಿದ ದಿನ ಮರುತಪಾಸಣೆಗೆ ತಪ್ಪದೆ ಹೋಗಬೇಕು. ಅದರಿಂದ ಅವರ ಕಣ್ಣೂ, ಮುಂದಿನವರ ಚಿಕಿತ್ಸೆಯೂ ಉತ್ತಮಗೊಳ್ಳುವುವು.