ಚೀಟಿ ಕೀಳುವ ಕಿಣ್ವಗಳಿಗೆ ಒಂದು ತಡೆ

ಜೀವಕೋಶದಲ್ಲಿ ಪ್ರತಿಯೊಂದು ಪ್ರೋಟೀನಿಗೂ ಆಯುಸ್ಸು ಇದೆ. ಕೆಲವು ಕೆಲವೇ ನಿಮಿಷ ಬಾಳುತ್ತವೆ, ಕೆಲವು ದಿನಗಟ್ಟಲೆ ಉಳಿಯುತ್ತವೆ. ಕೆಲಸ ಮುಗಿದ ಪ್ರೋಟೀನಿಗೆ ಕೋಶವು ಒಂದು ಚೀಟಿ ಅಂಟಿಸುತ್ತದೆ. ಆ ಚೀಟಿಯ ಹೆಸರು ಯುಬಿಕ್ವಿಟಿನ್. ಅದೂ 76 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನೇ. ಚೀಟಿಗಳ ಸರಪಳಿ ಹೊತ್ತ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ವ್ಯವಸ್ಥೆ ತುಂಡರಿಸಿಬಿಡುತ್ತದೆ. (ಎಲ್ಲ ಚೀಟಿಯೂ ಮರಣಶಾಸನವಲ್ಲ, ಕೆಲವು ಬರೀ ಸಂದೇಶ.) ಈ ಗುಟ್ಟನ್ನು ಬಿಡಿಸಿದ ಆರನ್ ಸೀಕನೋವರ್, ಅವ್ರಾಮ್ ಹರ್ಷ್ಕೊ ಮತ್ತು ಇರ್ವಿನ್ ರೋಸ್ ಅವರಿಗೆ 2004ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು.

ಅಂಟಿಸುವವರಿದ್ದ ಮೇಲೆ ಕೀಳುವವರೂ ಇರಬೇಕಲ್ಲ? ಮನುಷ್ಯನಲ್ಲಿ ಚೀಟಿ ಕೀಳುವ ಕಿಣ್ವಗಳು ಸುಮಾರು ನೂರು ಇವೆ. ಸಂಶೋಧಕರಿಗೆ ತಲೆನೋವು ತಂದಿಟ್ಟವು ಇವೇ.

ಯಾವ ಪ್ರೋಟೀನಿಗೆ ಚೀಟಿ ಬಿದ್ದಿದೆ ಎಂದು ತಿಳಿಯಲು ಕೋಶವನ್ನು ಒಡೆಯಲೇಬೇಕು. ಚೀಟಿ ಅಂಟಿಸಲು ಎಟಿಪಿ ಎಂಬ ಶಕ್ತಿಯ ಅಣು ಬೇಕು. ಒಡೆದ ಕೋಶದಲ್ಲಿ ಅದು ಬೇಗನೆ ಬರಿದಾಗುತ್ತದೆ. ಕೀಳುವುದಕ್ಕೆ ನೀರಿನ ಅಣು ಸಾಕು. ಅಂದರೆ ಅಂಟಿಸುವ ಕೆಲಸ ನಿಂತಿತು, ಕೀಳುವ ಕೆಲಸ ಸಾಗಿತು! ಪ್ರಯೋಗ ಮುಗಿಯುವಷ್ಟರಲ್ಲಿ ಪುರಾವೆಯೇ ಮಾಯ.

ಇದಕ್ಕೆ ಪಿಆರ್-619 ಎಂಬ ರಾಸಾಯನಿಕ ನೆರವಾಗುತ್ತದೆ. ಅದರ ಅಣುತೂಕ ಕೇವಲ 223. ಒಂದು ಪಿರಿಡಿನ್ ಉಂಗುರ, ಅದಕ್ಕೆ ಎರಡು ಅಮೈನೋ ಗುಂಪು, ಎರಡು ಥಯೋಸಯನೇಟ್ ಗುಂಪು. ಚೀಟಿ ಕೀಳುವ ಬಹುತೇಕ ಕಿಣ್ವಗಳ ಕ್ರಿಯಾಸ್ಥಾನದಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಗಂಧಕವಿದೆ. ಪಿಆರ್-619 ಅಲ್ಲೇ ಕೆಲಸಕ್ಕೆ ಅಡ್ಡಿಯಾಗುತ್ತದೆ; ಕೋಶದ ಪೊರೆ ದಾಟಿ ಒಳಕ್ಕೂ ಹೋಗುತ್ತದೆ. ಸತುವನ್ನು ಬಳಸುವ ಇನ್ನೊಂದು ಪಂಗಡದ ಕಿಣ್ವಗಳಿಗೆ ಬೇರೆಯೇ ಉಪಾಯ ಬೇಕು.

ಹಿಂದಿನಿಂದಲೂ ಬಳಕೆಯಲ್ಲಿರುವ ಅಯೋಡೋಅಸಿಟಮೈಡ್ ಕಲಿಸಿದ ಪಾಠವನ್ನು ಇಲ್ಲಿ ಹೇಳದೆ ಬಿಡಲಾಗದು. ಚೀಟಿ ಬಿದ್ದ ಜಾಗವನ್ನು ಪತ್ತೆ ಹಚ್ಚಲು ಪ್ರೋಟೀನನ್ನು ಟ್ರಿಪ್ಸಿನ್‌ನಿಂದ ಕತ್ತರಿಸುತ್ತಾರೆ. ಆಗ ಚೀಟಿಯ ಬಾಲದಿಂದ ಎರಡು ಗ್ಲೈಸಿನ್‌ಗಳು ಮಾತ್ರ ಅಲ್ಲಿ ಅಂಟಿ ಉಳಿಯುತ್ತವೆ. ಅದರ ಹೆಚ್ಚುವರಿ ತೂಕ 114. ಅಯೋಡೋಅಸಿಟಮೈಡ್ ಗಂಧಕವನ್ನಷ್ಟೇ ಹಿಡಿಯದೆ ಕೆಲವೊಮ್ಮೆ ಪ್ರೋಟೀನಿನ ಲೈಸಿನ್‌ಗೂ ಎರಡು ಬಾರಿ ಅಂಟಿಕೊಳ್ಳುತ್ತದೆ. ಪ್ರತಿ ಬಾರಿ ಕೂಡುವ ತೂಕ 57. ವಿದ್ಯಾರ್ಥಿಗಳೇ, ಕೂಡಿಸಿ ನೋಡಿ: ಮತ್ತೆ 114! ತೂಕ ಮಾತ್ರವಲ್ಲ, ಪರಮಾಣುಗಳ ಲೆಕ್ಕವೂ ಒಂದೇ. ನಾಲ್ಕು ಇಂಗಾಲ, ಆರು ಜಲಜನಕ, ಎರಡು ಸಾರಜನಕ, ಎರಡು ಆಮ್ಲಜನಕ. ಎಷ್ಟೇ ಸೂಕ್ಷ್ಮವಾದ ತೂಕದ ಯಂತ್ರಕ್ಕೂ ತೂಕದಿಂದಷ್ಟೇ ಇವನ್ನು ಬೇರೆ ಮಾಡಲಾಗದು. ಇಲ್ಲದ ಚೀಟಿಯನ್ನು ಇದೆ ಎಂದು ಬರೆದುಕೊಳ್ಳುವ ಅಪಾಯವನ್ನು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ತಪ್ಪು ಅಲ್ಲೇ ನಿಲ್ಲುವುದಿಲ್ಲ. ಅದನ್ನು ನಂಬಿ ಮುಂದಿನವರು ವರ್ಷಗಟ್ಟಲೆ ದುಡಿಯುತ್ತಾರೆ.

ಹಾಗಾದರೆ ಪಿಆರ್-619 ಔಷಧವೇ ಎಂದು ಪೋಷಕರು ಕೇಳಬಹುದು. ಅಲ್ಲ, ಅದು ಪ್ರಯೋಗಾಲಯದ ಉಪಕರಣ. ಹತ್ತಾರು ಕಿಣ್ವಗಳನ್ನು ಒಟ್ಟಿಗೆ ತಡೆಯುವುದೇ ಅದರ ಗುಣ, ದೋಷವೂ ಅದೇ. ಊರಿಗೆಲ್ಲ ಒಮ್ಮೆಲೇ ಕರೆಂಟು ತೆಗೆದರೆ ಯಾವ ಮನೆಯ ದೀಪ ಕೆಟ್ಟಿತ್ತು ಎಂದು ಗೊತ್ತಾಗುವುದೆಂತು? ಔಷಧದ ದಾರಿಯಲ್ಲಿರುವವರು ಒಂದೇ ಕಿಣ್ವವನ್ನು ತಡೆಯುವ ಅಣುಗಳನ್ನು ಹುಡುಕುತ್ತಾರೆ. ಯುಎಸ್‌ಪಿ7 ಅಂಥ ಒಂದು ಗುರಿ. ಕ್ಯಾನ್ಸರನ್ನು ತಡೆಯುವ ಪಿ53 ಎಂಬ ಪ್ರೋಟೀನನ್ನು ನಾಶಕ್ಕೆ ಗುರುತಿಸುವ ಎಂಡಿಎಂ2ರ ಮೈಮೇಲಿನ ಚೀಟಿಯನ್ನು ಅದು ಕಿತ್ತು ಉಳಿಸುತ್ತದೆ. ಅದನ್ನು ತಡೆದರೆ ಪಿ53 ಉಳಿದೀತು ಎಂಬುದು ಲೆಕ್ಕಾಚಾರ.

ಪಿಆರ್-619 ಹಾಕಿದ ಕೋಶಗಳ ಪಕ್ಕದಲ್ಲಿ ಇನ್ನೊಂದು ತಟ್ಟೆ ಕೋಶಗಳನ್ನೂ ಇಡುತ್ತಾರೆ. ಅದಕ್ಕೆ ಹಾಕುವುದು ರಾಸಾಯನಿಕವನ್ನು ಕರಗಿಸಿದ ಡಿಎಂಎಸ್ಒ ದ್ರಾವಕ ಮಾತ್ರ, ಅದೇ ಅಳತೆಯಲ್ಲಿ.